ಫೈಲ್ ಇಲ್ಲವೋ, ನಮಗೆ ಕಾಣುತ್ತಿಲ್ಲವೋ?

ಸೇಡಂ, ಚಿತ್ತಾಪುರ, ವಾಡಿ ಸುತ್ತಮುತ್ತ ನೆಲದ ಕೆಳಗೆ ಸುಣ್ಣದಕಲ್ಲು, ನೆಲದ ಮೇಲೆ ತೊಗರಿ. ಎರಡನ್ನೂ ತೂಗಿಯೇ ಸಾಗಿಸಬೇಕು. ಹಾಗಾಗಿ ನಮ್ಮ ಕಡೆ ಎಲ್ಲಿ ನೋಡಿದರೂ ಲಾರಿ ಕಾಟಾ, ಅದರ ಪಕ್ಕದ ಸಣ್ಣ ಕೋಣೆಯಲ್ಲೊಂದು ಕಂಪ್ಯೂಟರ್. ಆದಿತ್ಯನಗರದಲ್ಲಿದ್ದುಕೊಂಡು ಒಂದು ಸಾಗಣೆ ಸಂಸ್ಥೆಯ ಇಂಥ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಿನದ ತೂಕದ ಲೆಕ್ಕವೆಲ್ಲ ರಾತ್ರಿ ಬ್ಯಾಕಪ್ ಫೈಲ್ ಆಗಿ ಡಿ ಡ್ರೈವ್ ಸೇರುತ್ತದೆ. ಬೆಳಗ್ಗೆ ಅದು ಬಂದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಶಹಾಬಾದ್‌ಗೋ ಚಿಂಚೋಳಿಗೋ ಹೋಗಬೇಕಿಲ್ಲ. ಐಡಿ, ಪಾಸ್‌ವರ್ಡ್ ಕೊಟ್ಟು ನೆಟ್‌ವರ್ಕ್‌ನಲ್ಲೇ ನೋಡಬಹುದು.

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಇದಕ್ಕೆ ‘ಟೆಸ್ಟ್-ಪಾತ್’ ಎಂಬ ಕಮಾಂಡ್ ಇದೆ. ಫೈಲ್ ಇದ್ದರೆ ‘ಟ್ರೂ’, ಇಲ್ಲದಿದ್ದರೆ ‘ಫಾಲ್ಸ್’. ಆದರೆ ಆ ಕಂಪ್ಯೂಟರ್ ಆಫ್ ಆಗಿದ್ದರೂ ಅದು ಹೇಳುವುದು ‘ಫಾಲ್ಸ್’. ನೆಟ್‌ವರ್ಕ್ ಹೋಗಿದ್ದರೂ ಅದೇ. ಬೀಗ ಹಾಕಿದ ಮನೆಯ ಹೊರಗೆ ನಿಂತು ಒಳಗೆ ಅಕ್ಕಿ ಇಲ್ಲ ಅಂದ ಹಾಗೆ.

ಒಂದು ಕಾಟಾದಿಂದ ಸತತ ‘ಫಾಲ್ಸ್’ ಬರುತ್ತಿತ್ತು. ಫೋನ್ ಮಾಡಿದರೆ ಅಲ್ಲಿನ ಹುಡುಗ, “ಸರ್, ಫೈಲ್ ಇಲ್ಲೇ ಅದರಿ. ನನ್ನ ಕಣ್ಣ ಮುಂದೇ ಅದ. ನೀವ್ಯಾಕ ಇಲ್ಲ ಅಂತೀರಿ?” ಅಂದ. ‘ಟೆಸ್ಟ್-ಪಾತ್’ ಬಿಟ್ಟು ನೇರವಾಗಿ ‘ನೆಟ್ ಯೂಸ್’ ಕಮಾಂಡ್ ಹಾಕಿ ನೋಡಿದಾಗ ಎರರ್ 1398 ಬಂತು. ಎರಡು ಕಂಪ್ಯೂಟರ್‌ಗಳ ಗಡಿಯಾರ ಹೊಂದುತ್ತಿಲ್ಲ ಎಂದರ್ಥ. “ಮೂಲೆಯಲ್ಲಿ ತಾರೀಖು ನೋಡಪ್ಪ” ಅಂದೆ. “2009 ತೋರಸ್ಲಕತ್ತದ್ರಿ!” ಮದರ್‌ಬೋರ್ಡ್‌ನ ಬಿಲ್ಲೆ ಸೆಲ್ ಸತ್ತಿತ್ತು, ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತಿತ್ತು. ವಿಂಡೋಸ್ ಡೊಮೈನ್‌ನಲ್ಲಿ ಲಾಗಿನ್ ಪರೀಕ್ಷಿಸುವ ಕರ್ಬರಾಸ್ ಪದ್ಧತಿ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸವನ್ನಷ್ಟೇ ಒಪ್ಪುತ್ತದೆ. ಸೆಲ್ ಬದಲಿಸಿ ತಾರೀಖು ಸರಿಮಾಡಿದ ಮೇಲೆ ‘ಇಲ್ಲದ’ ಫೈಲ್‌ಗಳೆಲ್ಲ ಒಟ್ಟಿಗೆ ಕಾಣಿಸಿಕೊಂಡವು.

ಅಂದಿನಿಂದ ಎರರ್ ನಂಬರ್ ಓದದೆ ನಾನು ಯಾವ ಫೈಲನ್ನೂ ‘ಇಲ್ಲ’ ಅನ್ನುವುದಿಲ್ಲ. 53 ಬಂದರೆ ಆ ಕಂಪ್ಯೂಟರ್‌ಗೆ ದಾರಿಯೇ ಸಿಕ್ಕಿಲ್ಲ. 1326 ಬಂದರೆ ಐಡಿ ಇಲ್ಲವೇ ಪಾಸ್‌ವರ್ಡ್ ತಪ್ಪು. 5 ಬಂದರೆ ಗುರುತು ಸಿಕ್ಕಿದೆ, ಒಳಗೆ ನೋಡುವ ಹಕ್ಕಿಲ್ಲ. 1219 ಬಂದರೆ ಅದೇ ಕಂಪ್ಯೂಟರ್‌ಗೆ ಈಗಾಗಲೇ ಬೇರೊಂದು ಐಡಿಯಿಂದ ಕನೆಕ್ಟ್ ಆಗಿದ್ದೀರಿ, ಹಳೆಯದನ್ನು ಕಡಿದು ಬನ್ನಿ ಎಂದು. ಎರರ್ 2 ಬಂದರೆ ಫೈಲ್ ನಿಜವಾಗಿ ಇಲ್ಲ. ಕಂಪ್ಯೂಟರ್ ಆನ್ ಇದೆಯೇ ಎಂದು ತಿಳಿಯಲು ಪಿಂಗ್ ಕಮಾಂಡೊಂದನ್ನೇ ನಂಬಿ ಕೂರಬೇಡಿ. ಎಷ್ಟೋ ಕಡೆ ಫೈರ್‌ವಾಲ್ ಪಿಂಗ್ ತಡೆದಿರುತ್ತದೆ, ಫೈಲ್ ಹಂಚಿಕೆಯ 445ನೇ ಪೋರ್ಟ್ ತೆರೆದೇ ಇರುತ್ತದೆ.

‘ಟ್ರೂ’ ಬಂದರೂ ನಿಶ್ಚಿಂತೆಯಿಲ್ಲ. ಡಿಸ್ಕ್ ತುಂಬಿದಾಗ ಹೆಸರಿಗೊಂದು ಫೈಲ್ ಇರುತ್ತದೆ, ಗಾತ್ರ ಸೊನ್ನೆ ಕೆಬಿ. ಗಾತ್ರ, ತಾರೀಖು ಎರಡನ್ನೂ ನೋಡಲೇಬೇಕು.

ಇನ್ನು ಪಾಸ್‌ವರ್ಡ್‌ನ ಮಾತು. ಇಡೀ ನೆಟ್‌ವರ್ಕ್‌ನ ಅಡ್ಮಿನ್ ಐಡಿ ಕೈಯಲ್ಲಿದ್ದರೆ ಎಲ್ಲ ಬಾಗಿಲೂ ತೆರೆಯುತ್ತದೆ, ಕೆಲಸ ಸಲೀಸು. ಅಪಾಯ ಇರುವುದೂ ಅಲ್ಲೇ. 2017ರ ಜೂನ್‌ನಲ್ಲಿ ಹರಡಿದ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಒಂದು ಕಂಪ್ಯೂಟರ್‌ನ ಮೆಮೊರಿಯಲ್ಲಿ ಉಳಿದಿದ್ದ ಲಾಗಿನ್ ವಿವರ ಕದ್ದು, ಅದರಿಂದಲೇ ಪಕ್ಕದ ಕಂಪ್ಯೂಟರ್‌ಗಳಿಗೆ ನುಗ್ಗಿತು. ಮರ್ಸ್ಕ್ ಹಡಗು ಕಂಪನಿ ತತ್ತರಿಸಿತು. ನವಿ ಮುಂಬೈನ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್‌ನಲ್ಲೂ ಕೆಲಸ ನಿಂತಿತು. ಫೈಲ್ ಇದೆಯೇ ಎಂದು ನೋಡಲು ಅಷ್ಟು ದೊಡ್ಡ ಐಡಿ ಬೇಕಾಗಿಯೇ ಇಲ್ಲ. ಬ್ಯಾಕಪ್ ಫೋಲ್ಡರ್ ಒಂದನ್ನೇ ಶೇರ್ ಮಾಡಿ, ಓದುವ ಹಕ್ಕು ಮಾತ್ರ ಇರುವ ಬೇರೆ ಐಡಿ ಇಟ್ಟರೆ ಸಾಕು. ಬರಿಯ ಫೈಲ್ ನೋಡಲು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗುವ ಅಭ್ಯಾಸವನ್ನೂ ಬಿಡಬೇಕು. ನಿಮ್ಮ ಲಾಗಿನ್‌ನ ಕುರುಹು ಆ ಕಂಪ್ಯೂಟರ್‌ನ ಮೆಮೊರಿಯಲ್ಲಿ ಉಳಿಯಬಹುದು. ಸ್ಕ್ರಿಪ್ಟ್‌ನೊಳಗೆ ಪಾಸ್‌ವರ್ಡನ್ನು ಹಾಗೇ ಬರೆದಿಡುವುದಂತೂ ಸಲ್ಲದು. ಪವರ್‌ಶೆಲ್‌ನಲ್ಲಿ ಅದನ್ನು ಗೂಢಲಿಪಿಯಲ್ಲಿ ಉಳಿಸಬಹುದು. ವಿಂಡೋಸ್‌ನಲ್ಲಿ ಹಾಗೆ ಉಳಿಸಿದ್ದು ಅದೇ ಬಳಕೆದಾರನಿಗೆ, ಅದೇ ಕಂಪ್ಯೂಟರ್‌ನಲ್ಲಿ ಮಾತ್ರ ತೆರೆಯುತ್ತದೆ.

ಸಹೋದ್ಯೋಗಿಯ ಐಡಿ ಗೊತ್ತಿದೆ ಎಂದು ಅದರಲ್ಲಿ ಒಳಹೋಗಬೇಡಿ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದ ಉದ್ದೇಶದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲು. ಉದ್ದೇಶ ಒಳ್ಳೆಯದೇ ಇದ್ದರೂ, ದಾಖಲೆಯಲ್ಲಿ ಬೀಳುವುದು ಅವರ ಹೆಸರು, ನಿಮ್ಮದಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ನಮ್ಮ ಭಾಗದ ಹುಡುಗರಲ್ಲಿ, ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಬೆಳಗಿನ ರಿಪೋರ್ಟ್‌ನಲ್ಲಿ ‘ಇದೆ’, ‘ಇಲ್ಲ’ ಜೊತೆಗೆ ‘ನೋಡಲಾಗಲಿಲ್ಲ’ ಎಂಬ ಮೂರನೆಯ ಕಾಲಂ ಇಡಿ. ಆ ಕಾಲಂನಲ್ಲಿ ಯಾವುದಾದರೂ ಕಾಟಾದ ಹೆಸರು ಕಂಡರೆ, ಅವತ್ತೇ ಅಲ್ಲಿಗೆ ಫೋನ್ ಮಾಡಿ.