ಮೊದಲು ಬಟ್ಟೆ ಒಗೆಯುವ ಮೆಷಿನ್

“ಪಟ್ಟಿ ಚೆನ್ನಾಗಿದೆ ಮಗಳೇ. ಇದರಲ್ಲಿರುವ ತರಕಾರಿ ಎಲ್ಲಿ ಸಿಗುತ್ತದೆ ಅಂತಲೂ ಬರೆದುಬಿಡು.”

ಶಿಕಾಗೊ ನಗರದ ಪಶ್ಚಿಮ ಭಾಗದಲ್ಲಿ ನಾರ್ತ್ ಲಾನ್‌ಡೇಲ್ ಎಂಬ ಬಡಾವಣೆಯಿದೆ. ಅಲ್ಲಿನ ಸಣ್ಣ ಚರ್ಚೊಂದರ ಹಾಲ್‌ನಲ್ಲಿ, ಎಪ್ಪತ್ತು ದಾಟಿದ ಹೆಂಗಸೊಬ್ಬರು ನನಗೆ ಹೇಳಿದ ಮಾತಿದು. ನಾನು ಮಂಗಳೂರಿನವಳು, ನರ್ಸ್. ಶಿಕಾಗೊದ ಆಸ್ಪತ್ರೆಯೊಂದರಲ್ಲಿ ಕೆಲಸ. ರಜೆಯ ಶನಿವಾರಗಳಲ್ಲಿ ನಾವು ನಾಲ್ಕೈದು ಮಂದಿ ನರ್ಸ್‌ಗಳು ಆ ಹಾಲ್‌ನಲ್ಲಿ ಬಿ.ಪಿ., ಶುಗರ್ ಪರೀಕ್ಷೆ ಮಾಡುತ್ತಿದ್ದೆವು. ಆ ದಿನ ಸಕ್ಕರೆ ಕಾಯಿಲೆಯವರ ಊಟದ ಬಗ್ಗೆ ಮಾತಾಡಲು ಎರಡು ರಾತ್ರಿ ಕೂತು ಬಣ್ಣದ ಚಾರ್ಟ್ ಮಾಡಿಕೊಂಡು ಹೋಗಿದ್ದೆ. ಸೊಪ್ಪು, ಬೀನ್ಸ್, ಕ್ಯಾರೆಟ್, ಓಟ್ಸ್ ಎಲ್ಲ ಇತ್ತು. ಅವರ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲಿರಲಿಲ್ಲ.

ಮುಂದಿನ ವಾರ ಅವರ ಜೊತೆ ತರಕಾರಿ ತರಲು ಹೊರಟೆ. ಜನವರಿ ತಿಂಗಳು. ಬೀದಿ ಮೂಲೆಯ ಅಂಗಡಿಯಲ್ಲಿ ಚಿಪ್ಸ್, ಸೋಡಾ, ಸಿಗರೇಟು ಬಿಟ್ಟರೆ ಒಂದೆರಡು ಮುದುಡಿದ ಈರುಳ್ಳಿ. ತಾಜಾ ತರಕಾರಿ ಬೇಕೆಂದರೆ ಒಂದು ಬಸ್ಸು ಹಿಡಿದು, ಇಳಿದು, ಇನ್ನೊಂದಕ್ಕೆ ಕಾಯಬೇಕು. ಹಿಂದಿರುಗುವಾಗ ಅವರ ಎರಡು ಗಾಲಿಯ ಕೈಗಾಡಿ ಫುಟ್‌ಪಾತ್‌ನ ಹಿಮದಲ್ಲಿ ಹೂತುಕೊಂಡಿತು. ನಾನು ಮುಂದಿನಿಂದ ಎಳೆದೆ, ಅವರು ಹಿಂದಿನಿಂದ ನೂಕಿದರು. ಮೂರು ಚೀಲ ತರಕಾರಿ ಮನೆ ಮುಟ್ಟಿಸಲು ಅರ್ಧ ದಿನ ಹಿಡಿಯಿತು. ಬಾಗಿಲಲ್ಲಿ ನಿಂತು ಉಸಿರು ಬಿಡುತ್ತಿದ್ದ ಅವರನ್ನು ನೋಡಿದಾಗ, ಆಸ್ಪತ್ರೆಯಲ್ಲಿ ಎಷ್ಟು ರೋಗಿಗಳಿಗೆ “ನೀವು ಪಥ್ಯ ಮಾಡುತ್ತಿಲ್ಲ” ಎಂದು ಗದರಿಸಿದ್ದೇನೆ ಎಂಬುದು ನೆನಪಾಗಿ ಗಂಟಲು ಕಟ್ಟಿತು.

ನಮ್ಮೂರಿನಲ್ಲಾಗಿದ್ದರೆ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಇಲ್ಲೂ ಹಾಗೆಯೇ ಕರೆಯುತ್ತೇನೆ. ಅರ್ಥ ಹೇಳಿದ ಮೇಲೆ ಅವರಿಗೂ ಅದು ಇಷ್ಟವಾಗಿದೆ.

ಆ ಬಡಾವಣೆ ಯಾಕೆ ಹಾಗಾಯಿತು ಎಂದು ನನಗೆ ಅರ್ಥವಾದದ್ದು ದೊಡ್ಡಮ್ಮನ ಅಡುಗೆಮನೆಯಲ್ಲಿ. 1960ರಲ್ಲಿ ಅಲ್ಲಿ ಸುಮಾರು 1,25,000 ಜನರಿದ್ದರು. ಇಂದು ಸುಮಾರು 35,000. ಆ ಕಾಲದಲ್ಲಿ ಕಪ್ಪು ಜನರಿಗೆ ಬ್ಯಾಂಕು ಮನೆ ಸಾಲ ಕೊಡುತ್ತಿರಲಿಲ್ಲ. ಅವರಿದ್ದ ಇಂಥ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಳಿದು ಗುರುತಿಸಿದ್ದರು. ಹಾಗಾಗಿ ದಲ್ಲಾಳಿಗಳು ಎರಡು ಪಟ್ಟು, ಮೂರು ಪಟ್ಟು ಬೆಲೆಗೆ ಕಂತಿನ ಕರಾರಿನ ಮೇಲೆ ಮನೆ ಮಾರುತ್ತಿದ್ದರು. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ದುಡ್ಡೂ ಹೋಯಿತು. ಗಂಡ ಹೆಂಡತಿ ಎರಡೆರಡು ಕೆಲಸ ಮಾಡಿದರೂ ಮನೆ ರಿಪೇರಿಗೆ ಕಾಸು ಉಳಿಯುತ್ತಿರಲಿಲ್ಲ. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಸತಿಯ ಅನ್ಯಾಯವನ್ನು ಜಗತ್ತಿಗೆ ತೋರಿಸಲೆಂದೇ ಇಲ್ಲಿನ ಹ್ಯಾಮ್ಲಿನ್ ಅವೆನ್ಯೂದ ಹಾಳುಬಿದ್ದ ಕಟ್ಟಡವೊಂದರಲ್ಲಿ ಬಾಡಿಗೆಗೆ ಬಂದು ನಿಂತರು. 1968ರಲ್ಲಿ ಅವರ ಹತ್ಯೆಯಾದಾಗ ಎದ್ದ ದಂಗೆಯಲ್ಲಿ ಅಂಗಡಿ ಬೀದಿಗಳು ಸುಟ್ಟವು. ಆಮೇಲೆ ಕಾರ್ಖಾನೆಗಳು ಮುಚ್ಚಿದವು. ಇಲ್ಲೇ ಇದ್ದ ಸಿಯರ್ಸ್ ಎಂಬ ವ್ಯಾಪಾರ ಕಂಪನಿಯ ಕೇಂದ್ರ ಕಚೇರಿ 1970ರ ದಶಕದಲ್ಲಿ ನಗರದ ನಡುವಿನ ಗಗನಚುಂಬಿ ಕಟ್ಟಡಕ್ಕೆ ಹೋಯಿತು. ಇಷ್ಟೆಲ್ಲ ಕೇಳಿದ ಮೇಲೆ ‘ಹಿಂದುಳಿದ ಬಡಾವಣೆ’ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಅದು ತಾನಾಗಿ ಹಿಂದುಳಿಯಲಿಲ್ಲ, ಅದನ್ನು ಹಿಂದಕ್ಕೆ ತಳ್ಳಿದರು.

ತಳ್ಳಿಸಿಕೊಂಡವರು ಸುಮ್ಮನೆ ಕೂರಲಿಲ್ಲ ಎನ್ನುವುದನ್ನೂ ಹೇಳಬೇಕು. 1968ರಲ್ಲಿ ಕಂತಿನ ಕರಾರಿಗೆ ಸಿಕ್ಕಿಬಿದ್ದವರು ಕಾಂಟ್ರಾಕ್ಟ್ ಬಯರ್ಸ್ ಲೀಗ್ ಎಂಬ ಸಂಘ ಕಟ್ಟಿಕೊಂಡರು. ಅವರ ಬೆನ್ನಿಗೆ ನಿಂತವನು ಜಾಕ್ ಮ್ಯಾಕ್‌ನಮಾರಾ ಎಂಬ ಜೆಸುಯಿಟ್ ವಿದ್ಯಾರ್ಥಿ. ಅಲ್ಲಿನ ಕೆಥೊಲಿಕ್ ಚರ್ಚು ಸಭೆಗೆ ಜಾಗ ಕೊಟ್ಟಿತು. ಕಂತು ಕಟ್ಟುವುದನ್ನು ನಿಲ್ಲಿಸಿ, ಕೋರ್ಟಿಗೆ ಹೋಗಿ, ನೂರಾರು ಕುಟುಂಬಗಳು ಕರಾರನ್ನು ಬದಲಾಯಿಸಿಕೊಂಡವು. ಜಾಗ ಚರ್ಚಿನದು, ಹೋರಾಟ ಮನೆ ಕೊಂಡವರದು. ಈ ವ್ಯತ್ಯಾಸವೇ ನನಗೆ ಸಿಕ್ಕ ಮೊದಲ ಪಾಠ.

ಎರಡನೆಯದು ಬಟ್ಟೆ ಒಗೆಯುವ ಮೆಷಿನ್ನಿನ ಪಾಠ. ವೇಯ್ನ್ ಗಾರ್ಡನ್ ಎಂಬ ಬಿಳಿಯ ಯುವಕ 1970ರ ದಶಕದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ, ಆಟದ ಕೋಚ್ ಆಗಿ ಇಲ್ಲಿಗೆ ಬಂದು ಇಲ್ಲೇ ಮನೆ ಮಾಡಿದರು. 1978ರಲ್ಲಿ ತಮ್ಮ ವಿದ್ಯಾರ್ಥಿಗಳು ಮತ್ತು ನೆರೆಹೊರೆಯವರೊಂದಿಗೆ ಲಾನ್‌ಡೇಲ್ ಕಮ್ಯುನಿಟಿ ಚರ್ಚ್ ಆರಂಭಿಸಿದರು. ನಿಮಗೆ ಏನು ಬೇಕು ಎಂದು ಜನರನ್ನು ಕೇಳಿದಾಗ ಬಂದ ಉತ್ತರಗಳಲ್ಲಿ ಒಂದು, ಭಯವಿಲ್ಲದೆ ಬಟ್ಟೆ ಒಗೆಯಲು ಒಂದು ಜಾಗ. ಚರ್ಚು ಬಾಡಿಗೆಗೆ ಹಿಡಿದಿದ್ದ ಅಂಗಡಿ ಕೋಣೆಯಲ್ಲಿ ಬಟ್ಟೆ ಒಗೆಯುವ, ಒಣಗಿಸುವ ಮೆಷಿನ್‌ಗಳನ್ನು ಇಟ್ಟರು. ಈ ಕತೆ ಕೇಳಿದಾಗ ನನಗೆ ನನ್ನ ಚಾರ್ಟ್ ಕಣ್ಣ ಮುಂದೆ ಬಂತು. ಬಟ್ಟೆ ಒಗೆಯುವ ಜಾಗ ಬೇಕು ಎಂದು ಹೊರಗಿನಿಂದ ಬಂದ ಯಾವ ಪರಿಣತನಿಗೂ ಹೊಳೆಯುತ್ತಿರಲಿಲ್ಲ. ಕೊಳೆ ಬಟ್ಟೆಯ ಮೂಟೆ ಹೊತ್ತು, ಮಗುವಿನ ಕೈ ಹಿಡಿದು ಹೆದರುತ್ತಾ ನಡೆದ ತಾಯಿಗೆ ಮಾತ್ರ ಅದು ಗೊತ್ತು.

ಬೇರೆಯವರು ಕೈಜೋಡಿಸಿದ್ದು ಆಮೇಲೆ. 1984ರಲ್ಲಿ ಲಾನ್‌ಡೇಲ್ ಕ್ರಿಶ್ಚಿಯನ್ ಹೆಲ್ತ್ ಸೆಂಟರ್ ಬಾಗಿಲು ತೆರೆಯಿತು. 1987ರಲ್ಲಿ ಮನೆ ಕಟ್ಟುವ, ರಿಪೇರಿ ಮಾಡುವ ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಶಿಕಾಗೊದ ಹೆಸರಾಂತ ಪಿಜ್ಜಾ ಮನೆ ಲೂ ಮಾಲ್ನಾಟಿಸ್ 1995ರಲ್ಲಿ ಇಲ್ಲಿ ಹೋಟೆಲು ತೆರೆಯಿತು. ಊರವರು ಕೂತು ಊಟ ಮಾಡುವ ಜಾಗವೂ ಆಯಿತು, ಜೈಲಿನಿಂದ ಬಂದವರಿಗೆ, ಚಟ ಬಿಟ್ಟು ಹೊಸ ಬದುಕಿಗೆ ಹೊರಟವರಿಗೆ ಕೆಲಸವೂ ಆಯಿತು. ಕಿಂಗ್ ವಾಸವಿದ್ದ ಕಟ್ಟಡ ಎಂದೋ ನೆಲಸಮವಾಗಿತ್ತು. ಅದೇ ಜಾಗದಲ್ಲಿ 2011ರಲ್ಲಿ ಅವರ ಹೆಸರಿನ 45 ಮನೆಗಳ ವಸತಿ ಎದ್ದಿತು. ಸರ್ಕಾರ, ಬ್ಯಾಂಕು, ದಾನಿಗಳು, ಸ್ವಯಂಸೇವಕರು ಎಲ್ಲರ ಪಾಲೂ ಅದರಲ್ಲಿದೆ. ಆದರೆ ಅಭಿವೃದ್ಧಿ ಸಂಸ್ಥೆಯ ಚುಕ್ಕಾಣಿ ಹಿಡಿದ ರಿಚರ್ಡ್ ಟೌನ್ಸೆಲ್ ಇದೇ ಬೀದಿಗಳಲ್ಲಿ ಬೆಳೆದು, ಹೊರಗೆ ಓದಿ, ಹಿಂದಿರುಗಿದವರು. ಮನೆಗಳ ಸಂಖ್ಯೆಗಿಂತ ಈ ಸಂಗತಿ ನನಗೆ ದೊಡ್ಡದು.

ಯಾಕೆ ದೊಡ್ಡದು ಎನ್ನಲು ಮಂಗಳೂರಿಗೆ ಬರಬೇಕು. ನಮ್ಮದು ಬಾಸೆಲ್ ಮಿಷನ್ ಸಭೆಗೆ ಸೇರಿದ ಮನೆತನ. ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದು, ಗದ್ದೆ, ಕುಲಕಸುಬು ಕಳೆದುಕೊಂಡಾಗ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಮಿಷನ್‌ಗೆ ಅರ್ಥವಾಯಿತು. ಮುದ್ರಣಾಲಯ, ನೇಯ್ಗೆ ಬಂದವು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಅಜ್ಜನ ಅಪ್ಪ ಅಲ್ಲಿ ಆವೆಮಣ್ಣು ಹದ ಮಾಡುವ ಕೆಲಸದಲ್ಲಿದ್ದರು. ಆ ಹಂಚು ನಮ್ಮ ಹೊಟ್ಟೆಗೆ ಅನ್ನ ಕೊಟ್ಟಿತು, ಕರಾವಳಿಗೆಲ್ಲ ಸೂರು ಕೊಟ್ಟಿತು. ಅದಕ್ಕೆ ನಾನು ಎಂದೆಂದಿಗೂ ಋಣಿ. ಆದರೆ ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬಂಧಿಸಿದರು, ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಅಜ್ಜ ತಮ್ಮ ಅಪ್ಪನ ಬಾಯಿಂದ ಕೇಳಿದ್ದನ್ನು ಹೇಳುತ್ತಿದ್ದರು: “ಧಣಿ ಬದಲಾದರು. ಮಣ್ಣು ತುಳಿದವರನ್ನು ಒಂದು ಮಾತು ಕೇಳಿದವರಿಲ್ಲ.” ಲಾನ್‌ಡೇಲ್‌ಗೆ ಹೋದ ಮೇಲೆ ಆ ಮಾತಿನ ಭಾರ ನನಗೆ ತಿಳಿಯಿತು. ಕೆಲಸ ಕೊಡುವುದು ಒಂದು, ಕೀಲಿಕೈ ಕೊಡುವುದು ಇನ್ನೊಂದು.

ಮೂರನೆಯ ಪಾಠ ಸ್ವಲ್ಪ ನೋವಿನದು. ಒಮ್ಮೆ ಒಂದು ಕಂಪನಿಯ ನೂರು ಮಂದಿ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಬಂದು, ಒಂದೇ ದಿನದಲ್ಲಿ ಮಕ್ಕಳ ಆಟದ ಜಾಗದ ಗೋಡೆಗೆಲ್ಲ ಬಣ್ಣ ಹೊಡೆದರು. ಆ ಗೋಡೆಯ ಮೇಲೆ ಗುಂಡಿಗೆ ಬಲಿಯಾದ ಹುಡುಗನೊಬ್ಬನ ಹೆಸರನ್ನು ಅವನ ಗೆಳೆಯರು ಬರೆದಿದ್ದರು. ಅದೂ ಬಣ್ಣದಡಿ ಹೋಯಿತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅವತ್ತು ನಾನೂ ಬ್ರಷ್ ಹಿಡಿದಿದ್ದೆ. ಸಂಜೆ ಆ ಹುಡುಗನ ತಾಯಿ ಬಂದು ಗೋಡೆಯ ಮುಂದೆ ನಿಂತದ್ದನ್ನು ನೋಡಿದೆ. ಅವರು ಬೈಯಲಿಲ್ಲ, ಹಸಿ ಬಣ್ಣದ ಮೇಲೆ ಕೈಯಿಟ್ಟರು. ಕೇಳದೆ ಮಾಡಿದ ಒಳ್ಳೆಯದು ಯಾರದೋ ಗಾಯದ ಮೇಲೆ ಬೀಳಬಹುದು ಎಂದು ಅವತ್ತೇ ಕಲಿತೆ. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹುಡುಗನ ಗೆಳೆಯರು ಮತ್ತೆ ಹೆಸರು ಬರೆದರು, ಈ ಸಲ ಇನ್ನೂ ದೊಡ್ಡದಾಗಿ.

ಗಾರ್ಡನ್ ಅವರ ಗುರು, ಮಿಸಿಸಿಪ್ಪಿಯ ಜಾನ್ ಪರ್ಕಿನ್ಸ್, ಸೇವೆ ಮಾಡಬೇಕೆಂದಿದ್ದರೆ ಆ ಜನರ ನಡುವೆಯೇ ಬಂದು ನೆಲೆಸಿ ಎಂದು ಕಲಿಸಿದವರು. ನಾನು ಅಲ್ಲಿ ನೆಲೆಸಲಿಲ್ಲ. ಸಂಜೆಯಾದರೆ ಕಾರು ಹತ್ತಿ ನನ್ನ ಮನೆಗೆ ಬರುತ್ತೇನೆ. ಆದ್ದರಿಂದ ನನ್ನ ಮಾತಿಗೆ ಎಷ್ಟು ತೂಕವಿರಬೇಕೋ ಅಷ್ಟೇ ಇರಲಿ ಎಂದು ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಆದರೆ ಶನಿವಾರ ತಪ್ಪಿಸುವುದಿಲ್ಲ. ಬಂದು ಹೋಗುವವರನ್ನು ಆ ಜನ ಬೇಕಾದಷ್ಟು ನೋಡಿದ್ದಾರೆ. ಮತ್ತೆ ಬರುತ್ತಾರೆಯೇ ಎಂಬುದೊಂದೇ ಅವರು ನಮ್ಮ ಬಗ್ಗೆ ತಿಳಿಯಬಯಸುವ ವಿಷಯ.

ನನ್ನ ಭಾಷಣ ನಿಂತು ಎಷ್ಟೋ ಕಾಲವಾಯಿತು. ಈಗ ಚರ್ಚಿನ ಅಡುಗೆಮನೆಯಲ್ಲಿ ಒಟ್ಟಿಗೆ ಬೇಯಿಸುತ್ತೇವೆ. ಕೊಲಾರ್ಡ್ ಸೊಪ್ಪನ್ನು ದಂಟಿನಿಂದ ಬಿಡಿಸಿ, ಸುರುಳಿ ಸುತ್ತಿ ಹೆಚ್ಚುವುದನ್ನು ದೊಡ್ಡಮ್ಮ ನನಗೆ ಕಲಿಸಿದರು. ನಾನು ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ ಕಲಿಸಿದೆ. ಉಪ್ಪು ಕಡಿಮೆ ಮಾಡಿದರೂ ರುಚಿ ಕೆಡಲಿಲ್ಲ ಎಂದು ಅವರೇ ಉಳಿದವರಿಗೆ ಹೇಳಿದರು. ತರಕಾರಿ ತರಲು ಕಾರಿದ್ದವರ ಸರದಿ ಪಟ್ಟಿಯೊಂದನ್ನು ಹೆಂಗಸರೇ ಮಾಡಿಕೊಂಡರು. ಯಾರು ಯಾವ ವಾರ, ಯಾರ ಮೆಟ್ಟಿಲು ಹತ್ತಿ ಚೀಲ ಕೊಡಬೇಕು, ಯಾರಿಗೆ ಮಂಡಿ ನೋವು, ಎಲ್ಲ ಅದರಲ್ಲಿದೆ.

ಆ ಪಟ್ಟಿ ಹಾಲ್‌ನ ಗೋಡೆಯ ಮೇಲೆ, ಹಿಂದೆ ನನ್ನ ಚಾರ್ಟ್ ಇದ್ದಲ್ಲಿ ಅಂಟಿದೆ. ಮೂರನೆಯ ಶನಿವಾರದ ಮುಂದೆ ದೊಡ್ಡಮ್ಮ ತಮ್ಮ ಕೈಯಾರೆ ನನ್ನ ಹೆಸರನ್ನೂ ಬರೆದಿದ್ದಾರೆ.