ದ್ವೀಪದಲ್ಲಿ ಗೆರೆ ಎಳೆಯುವುದೆಲ್ಲಿ?: ಲಕ್ಷದ್ವೀಪದ ಸಂರಕ್ಷಣೆ ಮತ್ತು ಅಭಿವೃದ್ಧಿ

‘ದ್ವೀಪ’ ಎಂಬ ಸಂಸ್ಕೃತ ಪದವನ್ನು ವೈಯಾಕರಣರು ‘ದ್ವಿ’ ಮತ್ತು ‘ಅಪ್’ ಎಂದು ಬಿಡಿಸುತ್ತಾರೆ. ಎರಡೂ ಕಡೆ ನೀರುಳ್ಳದ್ದು ಎಂದು ಅದರ ಅರ್ಥ. ಕನ್ನಡದ ‘ನಡುಗಡ್ಡೆ’ಯಾದರೋ ನೀರಿನ ನಡುವೆ ಎದ್ದ ನೆಲವನ್ನು ಮುಂದಿಡುತ್ತದೆ. ಒಂದು ಪದ ನೀರನ್ನು ಹಿಡಿದಿದೆ, ಇನ್ನೊಂದು ನೆಲವನ್ನು. ದ್ವೀಪಗಳಲ್ಲಿ ಸಂರಕ್ಷಿತ ಪ್ರದೇಶವನ್ನು ಯೋಜಿಸುವವರ ತೊಡಕೂ ಇದೇ: ಗೆರೆಯನ್ನು ನೆಲದ ಮೇಲೆ ಎಳೆಯಬೇಕೆ, ನೀರಿನ ಮೇಲೆಯೆ?

ಈ ಪ್ರಶ್ನೆಗೆ ಲಕ್ಷದ್ವೀಪ ತಕ್ಕ ನಿದರ್ಶನ. ಕಾಸರಗೋಡಿನ ವಿದ್ಯಾರ್ಥಿಗಳಿಗೆ ಅದು ಪರದೇಶವೂ ಅಲ್ಲ. ಅಮಿನಿ, ಕದ್ಮತ್, ಕಿಲ್ತಾನ್ ಮೊದಲಾದ ಅಮಿನ್‌ದೀವಿ ದ್ವೀಪಗಳು ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಆ ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸಂದವು.

ಇಲ್ಲಿ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಹವಳದ ದಿಬ್ಬಗಳು ಒಳಗೊಂಡ ತಿಳಿಗಡಲು, ಅಂದರೆ ಲಗೂನ್, ಸುಮಾರು 4,200 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅರವತ್ತನಾಲ್ಕು ಸಾವಿರಕ್ಕೂ ಮಿಗಿಲಾದ ಜನ ಹತ್ತು ದ್ವೀಪಗಳಲ್ಲಿ ನೆಲೆಸಿದ್ದರು. ಘಟ್ಟದ ಕಾಡಿನಲ್ಲಾದರೆ ನಡುವೆ ಅಭಯಾರಣ್ಯ, ಸುತ್ತ ಅಂಚಿನ ವಲಯ, ಅದರಾಚೆ ಊರು ಎಂದು ಗುರುತಿಸಬಹುದು. ಒಂದು ಕಿಲೋಮೀಟರಿನಷ್ಟೇ ಅಗಲದ ಅಗತ್ತಿಯಲ್ಲಿ ‘ಆಚೆ’ ಎಂಬುದೇ ಇಲ್ಲ.

ನೆಲಕ್ಕೂ ನೀರಿಗೂ ಇರುವ ನಂಟು ಬಾವಿಯಲ್ಲಿ ಕಾಣುತ್ತದೆ. ಮಳೆಯ ಸಿಹಿನೀರು ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳುವಾದ ಮಸೂರದಂತೆ ತೇಲುತ್ತದೆ. ಪಂಪು ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಶೌಚಗುಂಡಿಯ ಕೊಳೆ ಅದೇ ಮರಳಿನ ಮೂಲಕ ಬಾವಿಗೂ ಲಗೂನಿಗೂ ಇಳಿಯುತ್ತದೆ. ಆದುದರಿಂದ ಪ್ರವಾಸಿ ವಸತಿಗೃಹವೊಂದರ ಅಳತೆಯನ್ನು ಕೋಣೆಗಳ ಎಣಿಕೆಯಿಂದ ಮಾಡಿದರೆ ಸಾಲದು, ಕೊಡಗಳ ಎಣಿಕೆಯಿಂದಲೂ ಮಾಡಬೇಕು. ಮೀನುಗಾರಿಕೆಯ ಕಥೆಯೂ ಇದೇ. ಇಲ್ಲಿಯವರು ಟ್ಯೂನಾ ಮೀನನ್ನು ಗಳ ಮತ್ತು ಗಾಳದಿಂದ ಒಂದೊಂದಾಗಿ ಹಿಡಿಯುತ್ತಾರೆ. ಅದಕ್ಕೆ ಬೇಕಾದ ಜೀವಂತ ಎರೆಮೀನು ದೊರೆಯುವುದು ಹವಳಗಳ ನಡುವೆ. ಹೊರಗಡಲಿನ ದುಡಿಮೆ ಒಳಗಡಲಿನ ಹವಳವನ್ನು ನೆಚ್ಚಿದೆ. 1998, 2010 ಮತ್ತು 2016ರಲ್ಲಿ ಕಡಲು ಕಾದು ಹವಳಗಳು ಬಿಳಿಚಿದವು. ಅಲೆಯನ್ನು ತಡೆಯುವುದೂ ದಡಕ್ಕೆ ಮರಳನ್ನು ಒದಗಿಸುವುದೂ ಆ ಹವಳದ ದಿಬ್ಬವೇ.

ಗೆರೆ ಸುಲಭವಾದ ಕಡೆ ಒಂದಿದೆ. ಪಿಟ್ಟಿ ಎಂಬುದು ಜನವಸತಿಯಿಲ್ಲದ, ಸುಮಾರು 1.2 ಹೆಕ್ಟೇರಿನ ಮರಳುದಿಬ್ಬ; ರೀವ ಜಾತಿಯ ಕಡಲಹಕ್ಕಿಗಳು ಅಲ್ಲಿ ಮೊಟ್ಟೆಯಿಡುತ್ತವೆ. ಅದು ಪಕ್ಷಿಧಾಮವಾಯಿತು. ಅಂಥ ಜಾಗಗಳನ್ನಷ್ಟೇ ಕಾದು ಸಂರಕ್ಷಣೆ ಮುಗಿಯಿತೆನ್ನುವುದು ಸುಲಭದ ಲೆಕ್ಕ. ಜನವಿರುವಲ್ಲಿ ಅವರನ್ನು ಕೇಳದೆ ಯೋಜನೆ ನಿಲ್ಲದು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿಯು ಪ್ರತಿ ದ್ವೀಪದ ಸಮಗ್ರ ನಿರ್ವಹಣಾ ಯೋಜನೆಗೂ ಚುನಾಯಿತ ಪಂಚಾಯತಿಗಳ ಸಮಾಲೋಚನೆಗೂ ಮಹತ್ತ್ವ ನೀಡಿದ್ದು ಇದಕ್ಕಾಗಿಯೇ. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ, ಯೋಜನೆಯ ಹೆಸರಿನಲ್ಲಿ ಯಾವುದೇ ಭೂಮಿಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಮುಂದಿಟ್ಟಾಗ ದ್ವೀಪವಾಸಿಗಳು ಪ್ರತಿಭಟಿಸಿದರು.

ಹಾಗೆಂದು ಜನ ಮತ್ತು ಜೀವಿಗಳ ಹಿತ ಸದಾ ಒಂದೇ ಎನ್ನಲಾಗದು. ಅಗತ್ತಿಯ ಲಗೂನಿನಲ್ಲಿ ಕಾನೂನಿನ ರಕ್ಷಣೆಯುಳ್ಳ ಹಸಿರು ಕಡಲಾಮೆಗಳು ದಟ್ಟವಾಗಿ ನೆರೆದು ಕಡಲಹುಲ್ಲನ್ನು ಮೇದು ತೆಳುವಾಗಿಸಿದವು. ಹುಲ್ಲಿನಲ್ಲಿ ಬೆಳೆಯುವ ಮೀನುಗಳು ಕಡಿಮೆಯಾದುವೆಂದು ಬೆಸ್ತರು ಆಮೆಗಳನ್ನು ದೂರಿದರು. ಸಂಶೋಧಕರ ಅಧ್ಯಯನವೂ ಆ ದೂರನ್ನು ತಳ್ಳಿಹಾಕಲಿಲ್ಲ. ಒಂದು ಜೀವಿಯ ರಕ್ಷಣೆ ಇನ್ನೊಂದರ ನೆಲೆಯನ್ನೂ ಬಡವರ ಊಟವನ್ನೂ ಕುಗ್ಗಿಸಿತ್ತು. ಹುಲ್ಲು ತೀರಿದ ಮೇಲೆ ಆಮೆಗಳು ಕದ್ಮತ್ ಮುಂತಾದ ಬೇರೆ ಲಗೂನುಗಳತ್ತ ಸಾಗಿದವು. ನಕ್ಷೆಯ ಗೆರೆಗಳು ಮಾತ್ರ ಇದ್ದಲ್ಲಿಯೇ ಇದ್ದವು.