ತಾರಸಿಗೆ ಸೋಲಾರ್ ಹಾಕಿಸುವ ಮುನ್ನ



1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ನಮ್ಮ ಕೆ.ಜಿ.ಎಫ್. ಈಗ ಸಂಘದ ಸಾಲದಲ್ಲಿ ತಾರಸಿಗೆ ಸೋಲಾರ್ ಹಾಕಿಸೋಣ ಅನ್ನುವವರಿದ್ದಾರೆ. ಒಳ್ಳೆಯದೇ. ಆದರೆ ಪ್ಯಾನೆಲ್ ಬಂದ ಮೇಲೆ ಮೆಣಸಿನಕಾಯಿ, ಸಂಡಿಗೆ ಒಣಗಿಸೋದೆಲ್ಲಿ?

ದೋಣಿಯವರಿಗೂ ಇದೇ ಪಜೀತಿ. ಜಾಗ ಕಡಿಮೆ. ಹಾಗಾಗಿ ಜನ ಓಡಾಡುವ ಮೇಲ್ಹಲಗೆಗೇ ಅಂಟಿಸುವ, ಕಾಲು ಜಾರದ ತೆಳು ಪ್ಯಾನೆಲ್‌ಗಳು ಬಂದಿವೆ. ಆದರೆ ಅಡಿಯಲ್ಲಿ ಗಾಳಿಯಾಡದೆ ಅವು ಕಾಯುತ್ತವೆ. ಕಾದಷ್ಟೂ ಕರೆಂಟು ಕಡಿಮೆ. ಯಾರಾದರೂ ನಿಂತರೆ ನೆರಳು. ಒಂದು ಮೂಲೆಯ ನೆರಳೂ ಜೋಡಿಸಿದ ಸಾಲಿನ ಕರೆಂಟನ್ನೆಲ್ಲ ಇಳಿಸಿಬಿಡಬಹುದು. 2017ರಲ್ಲಿ ಕೇರಳದ ವೈಕಂನಲ್ಲಿ ಶುರುವಾದ, 75 ಜನ ಹಿಡಿಸುವ ‘ಆದಿತ್ಯ’ ದೋಣಿಯಲ್ಲಿ ಪ್ಯಾನೆಲ್ ಇರೋದು ಚಾವಣಿ ಮೇಲೆ, ಜನ ಕೆಳಗೆ. ನನಗೆ ಇದೇ ಸರಿ ಅನ್ಸುತ್ತೆ.

ಮನೆಗೆ ಹಾಕುವ ಗಾಜಿನ ಪ್ಯಾನೆಲನ್ನು ತುಳಿಯಲೇಬಾರದು. ಗಾಜು ಒಡೆಯದಿದ್ದರೂ ಒಳಗೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತೆ. ಒಂದು ಕಿಲೋವಾಟ್‌ಗೆ ಸುಮಾರು 100 ಚದರಡಿ ಬೇಕು. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಸುಮಾರು 4 ಯೂನಿಟ್. ಆಳೆತ್ತರದ ಕಬ್ಬಿಣದ ಕಂಬಗಳ ಮೇಲೆ, ದಕ್ಷಿಣಕ್ಕೆ ಸ್ವಲ್ಪ ಇಳಿಜಾರಾಗಿ ಕೂರಿಸಿದರೆ ಕೆಳಗೆ ಓಡಾಡಬಹುದು, ಹೊಲಿಗೆ ಮಿಷನ್ನಿಗೆ ನೆರಳೂ ಆಯ್ತು. ಖರ್ಚು ಜಾಸ್ತಿ, ಗಾಳಿಗೆ ಬುಡ ಗಟ್ಟಿಯಿರಬೇಕು. ಶೀಟಿನ ಮನೆಯಾದರೆ ತೊಲೆ ಭಾರ ತಡೆಯುತ್ತಾ ಅಂತ ಮೊದಲೇ ನೋಡಿಸಿ.

ಇನ್ನು ನಮ್ಮ ಸೈನೈಡ್ ಗುಡ್ಡದ ಧೂಳು! ಗಾಳಿಕಾಲದಲ್ಲಿ ಬಿಸಿಲೇರುವ ಮೊದಲೇ ನೀರು, ಮೆತ್ತನೆ ಬಟ್ಟೆಯಿಂದ ಒರೆಸಿ.

2024ರಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30,000 ರೂಪಾಯಿ ಸಹಾಯಧನವಿದೆ. ಮನೆ ಸ್ವಂತದ್ದಾಗಿರಬೇಕು. ಹಣ ಖಾತೆಗೆ ಬರೋದು ಪ್ಯಾನೆಲ್ ಹಾಕಿಸಿದ ಮೇಲೆ. ಅಲ್ಲಿಯವರೆಗಿನ ಕಂತನ್ನೂ ಲೆಕ್ಕ ಹಾಕಿಯೇ ಸಾಲ ಬರೆಸಿ.